ಅತ್ತೆಯ ಜನರಲ್ ಗ್ರೇಡ್

ನನ್ನ ಅತ್ತೆ ಮನೆಯವರ ಜೊತೆಗಿಂತ ಹೆಚ್ಚು ಗಾಳಿಯ ಜೊತೆ ಮಾತಾಡುತ್ತಾರೆ. ಇದು ಸೊಸೆಯ ಚಾಡಿ ಅಂದುಕೊಳ್ಳಬೇಡಿ; ಹಾಗೆ ಮಾತಾಡಲಿಕ್ಕೆ ಸರಕಾರವೇ ಅವರಿಗೆ ಲೈಸೆನ್ಸ್ ಕೊಟ್ಟಿದೆ!

ಅವರು ಉಡುಪಿ ಕಡೆಯವರು. ಬ್ಯಾಂಕಿನ ಕೆಲಸದ ಮೇಲೆ ಕೋಲ್ಕತ್ತಕ್ಕೆ ಬಂದು, ಇಲ್ಲೇ ನಿವೃತ್ತರಾಗಿ, ಸಾಲ್ಟ್ ಲೇಕ್ ಬಡಾವಣೆಯಲ್ಲಿ ನಮ್ಮ ಜೊತೆಗಿದ್ದಾರೆ. ಬೇರೆಯವರಾದರೆ ಭಜನಾ ಮಂಡಳಿ ಸೇರುತ್ತಿದ್ದರು. ಇವರು ಜಾದವ್‌ಪುರದ ಹವ್ಯಾಸಿ (ಹ್ಯಾಮ್) ರೇಡಿಯೋ ಕ್ಲಬ್ ಸೇರಿ, ಮೊದಲ ಪರೀಕ್ಷೆ ಪಾಸು ಮಾಡಿ, ತಾರಸಿಯ ಮೇಲೆ ಉದ್ದಕ್ಕೆ ಆಂಟೆನಾ ತಂತಿ ಎಳೆಸಿದರು. ಒಂದು ದಿನ ಎಷ್ಟು ಕರೆದರೂ ಯಾರೂ ಓಗೊಡಲಿಲ್ಲ. ಮೇಲೆ ಹೋಗಿ ನೋಡಿದರೆ ಕೆಳಗಿನ ಮನೆಯ ಬೌದಿ, ಅಂದರೆ ಇಲ್ಲಿಯವರ ಅತ್ತಿಗೆ, ಆ ತಂತಿಯ ಮೇಲೆ ಸೀರೆ ಒಣಹಾಕಿದ್ದಾರೆ. ಶ್ರೀಲಂಕಾ ಹಿಡಿಯಲಿಕ್ಕೆ ಕಟ್ಟಿದ ತಂತಿಗೆ ಸಿಕ್ಕಿದ್ದು ನಾಲ್ಕು ತಾಂತ್ ಕೈಮಗ್ಗದ ಸೀರೆ ಎಂದು ಅತ್ತೆ ವಾರವಿಡೀ ಹೇಳಿಕೊಂಡು ನಕ್ಕರು.

ಆಮೇಲೆ ದೊಡ್ಡ ಲೈಸೆನ್ಸಿನ ಆಸೆ ಹತ್ತಿತು. ಅದಕ್ಕೆ ಜನರಲ್ ಗ್ರೇಡ್ ಎನ್ನುತ್ತಾರೆ. ಮೋರ್ಸ್ ಸಂಕೇತ ಬರಬೇಕು: ಒಂದು ಗಿಡ್ಡ ಸದ್ದು, ಒಂದು ಉದ್ದ ಸದ್ದು, ಅಷ್ಟರಲ್ಲೇ ಇಡೀ ಅಕ್ಷರಮಾಲೆ. ಅಂದಿನಿಂದ ನಮ್ಮ ಮನೆಯಲ್ಲಿ ಸದ್ದಿಗೆ ಬರೀ ಸದ್ದಾಗಿರುವ ಭಾಗ್ಯ ಇಲ್ಲವಾಯಿತು. ಬಾಲ್ಕನಿಯಲ್ಲಿ ಕೂತು ಆಟೋಗಳ ಹಾರ್ನ್ ಕೇಳುತ್ತಾ, ಈ ಊರಿನ ಡ್ರೈವರುಗಳಿಗೆ ಸ್ಪೆಲ್ಲಿಂಗೇ ಬರುವುದಿಲ್ಲ ಎಂದು ತೀರ್ಪು ಕೊಟ್ಟರು. ಮೊಮ್ಮಗಳಿಗೂ ಕಲಿಸಿಬಿಟ್ಟರು. ಊಟಕ್ಕೆ ಕೂತಾಗ ಚಮಚದಲ್ಲಿ ತಟ್ಟೆಗೆ ಟಿಕ್ಕು ಟಿಕ್ಕೆಂದು ಬಡಿಯುವುದು, ಇಬ್ಬರೂ ನಗುವುದು. ನನಗೂ ನನ್ನ ಗಂಡನಿಗೂ ಏನೂ ತಿಳಿಯದು. ಕೊನೆಗೆ ಮಗಳೇ ಬಾಯಿಬಿಟ್ಟಳು: "ಅಮ್ಮಾ, ಅಜ್ಜಿ ಈಸ್ ಸೇಯಿಂಗ್ ಹುಳಿಗೆ ಉಪ್ಪಿಲ್ಲ."

ಮೊದಲ ಸಲ ಫೇಲಾದರು. ಪದ ಅರ್ಧ ಕೇಳಿಸುವುದರೊಳಗೆ ಉಳಿದರ್ಧ ತಾವೇ ಊಹಿಸಿ ಬರೆದಿದ್ದರಂತೆ. ಈ ಅಭ್ಯಾಸವನ್ನು ನಾವು ಮನೆಯಲ್ಲಿ ಸಹಿಸಿಕೊಂಡಿದ್ದೆವು. ಪರೀಕ್ಷಕರು ಸಹಿಸಲಿಲ್ಲ, ಅಷ್ಟೇ. ಅತ್ತೆ ಎರಡು ದಿನ ರೇಡಿಯೋ ಮುಟ್ಟಲಿಲ್ಲ. ಮೂರನೆಯ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮತ್ತೆ ಒಂದರಿಂದ ಶುರು. ಎರಡನೆಯ ಸಲ ಪಾಸಾದಾಗ ಇಡೀ ಕಟ್ಟಡಕ್ಕೆ ಮಿಠಾಯಿ ಹಂಚಿದರು. ಯಾವ ಮಿಠಾಯಿ ಎಂದು ಕೇಳಬೇಕೇ? ಬಂಗಾಳಿಗಳ ಸಂದೇಶ!

ಆ ಚಳಿಗಾಲ ಗಂಗಾಸಾಗರದ ಸಂಕ್ರಾಂತಿ ಮೇಳಕ್ಕೆ ಕ್ಲಬ್ಬಿನವರು ತಮ್ಮ ರೇಡಿಯೋ ಹೊತ್ತು ಹೋಗಿದ್ದರು. ಜನಜಂಗುಳಿಯಲ್ಲಿ ತಪ್ಪಿಸಿಕೊಂಡವರನ್ನು ಅವರವರ ಗುಂಪಿಗೆ ಸೇರಿಸುವುದು ಅವರ ಸೇವೆ. ಒಂದು ಮಧ್ಯಾಹ್ನ ಅಲ್ಲಿಂದ ಅತ್ತೆಗೆ ಕರೆ ಬಂತು. ಒಬ್ಬ ಮುದುಕಿ ಬೆಳಗಿನಿಂದ ಅಳುತ್ತಿದ್ದಾಳೆ, ಆಡುವ ಭಾಷೆ ಯಾರಿಗೂ ಅರ್ಥವಾಗುತ್ತಿಲ್ಲ, ನಿಮ್ಮದಿರಬಹುದೇ ಎಂದು ಕೇಳಿದರು.

ಅತ್ತೆ ಮೈಕ್ ಹತ್ತಿರ ತಂದು ಮೆಲ್ಲಗೆ, "ಅಮ್ಮಾ, ಊಟ ಆಯ್ತಾ?" ಅಂದರು.

ಆ ಕಡೆ ಒಂದು ಕ್ಷಣ ಬರೀ ಗರಗರ. ಆಮೇಲೆ ಅಳು, ಅಳುವಿನ ನಡುವೆ ಗದಗ ಕಡೆಯ ಕನ್ನಡ. ಅತ್ತೆ ಆಕೆಯ ಊರು, ಮಗನ ಹೆಸರು, ಬಂದ ಬಸ್ಸಿನ ಬಣ್ಣ ಎಲ್ಲ ಕೇಳಿ ತಿಳಿದು ಕ್ಲಬ್ಬಿನವರಿಗೆ ಬಂಗಾಳಿಯಲ್ಲಿ ಹೇಳಿದರು. ಅವರು ಮಗನನ್ನು ಹುಡುಕಿ ತರುವವರೆಗೆ ಎರಡು ಗಂಟೆ ಆ ಅಜ್ಜಿಯ ಜೊತೆ ಮಾತಾಡುತ್ತಲೇ ಇದ್ದರು. ಹೊರಡುವ ಮುಂಚೆ ಅಜ್ಜಿ ಕೇಳಿದ್ದು ನನಗೂ ಕೇಳಿಸಿತು: "ನೀ ಯಾರ ಮನಿ ಮಗಳವ್ವಾ?"

ಅತ್ತೆ ತಮ್ಮ ಅಪ್ಪನ ಹೆಸರು ಹೇಳಿದರು. ರೇಡಿಯೋ ಆರಿಸಿ ನನ್ನ ಕಡೆ ತಿರುಗಿದರು. "ಈ ಊರಿಗೆ ಬಂದ ಮೇಲೆ ಯಾರೂ ಹಾಗೆ ಕೇಳಿಯೇ ಇರಲಿಲ್ಲ ಮಾರಾಯ್ತಿ," ಅಂದರು.

ಮದುವೆಯಾಗಿ ಹನ್ನೆರಡು ವರ್ಷ, ನಾನೂ ಕೇಳಿರಲಿಲ್ಲ. ಒಲೆ ಆರಿಸಿ ಬಂದು ಅವರ ಪಕ್ಕ ಕೂತು, ನಿಮ್ಮ ಅಪ್ಪ ಹೇಗಿದ್ದರು ಅತ್ತೆ, ಎಂದು ಕೇಳಿದೆ.