ಫಟಫಟಿಗೆ ಕಟ್ಟಿದ ಬುತ್ತಿ

ನನಗೆ ಹೊರಡುವುದು ಬರುವುದಿಲ್ಲ. ಹೊರಡಲು ತಯಾರಾಗುವುದು ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರಾದೀತು ಎಂದುಕೊಂಡಿದ್ದೇನೆ. ಎರಡು ಓಣಿ ಆಚೆಯ ಕ್ಷೌರದಂಗಡಿಗೆ ಹೋಗುವಾಗಲೂ ನನ್ನ ಕಂಕುಳಲ್ಲಿ ಛತ್ರಿ, ಚೀಲದಲ್ಲಿ ಟಾರ್ಚು, ಕಿಸೆಯಲ್ಲಿ ಎರಡು ಕರವಸ್ತ್ರ ಇರಬೇಕು. ತಪ್ಪು ನನ್ನದಲ್ಲ, ನೌಕರಿಯದು ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಾನು ಸ್ಟೋರಿನ ಗುಮಾಸ್ತ. ಯಂತ್ರ ಕೆಡುವ ಮೊದಲೇ ಅದರ ಬಿಡಿಭಾಗ ನಮ್ಮ ಕಪಾಟಿನಲ್ಲಿ ಬಂದು ಕೂತಿರಬೇಕು. ಹೀಗೆ ದಿನವಿಡೀ ಕೆಡಲಿರುವ ವಸ್ತುಗಳ ಚಿಂತೆಯಲ್ಲೇ ಇರುವವನಿಗೆ ಸುಮ್ಮನೆ ಎದ್ದು ಹೊರಟುಬಿಡುವ ಧೈರ್ಯ ಎಲ್ಲಿಂದ ಬರಬೇಕು?

ಇಂಥ ನಾನು ಒಂದು ಮೋಟಾರ್ ಸೈಕಲ್ ಕೊಂಡೆ. ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರದು. ವಿಲಾಯತಿ ಗಾಡಿ, ಹಳೆಯದು, ಆದರೆ ಗಟ್ಟಿಮುಟ್ಟು. ನಮ್ಮ ಕಡೆ ಅದಕ್ಕೆ ಫಟಫಟಿ ಎನ್ನುತ್ತಾರೆ. ಆ ದಸರೆಗೆ ಬಸ್ಸಿನಲ್ಲೇ ಮುಂಡಗೋಡದ ಹತ್ತಿರದ ಇಂದೂರಿಗೆ ಹೋಗಿ ಈರಪ್ಪ ಮಾವನಿಗೆ ಸುದ್ದಿ ಮುಟ್ಟಿಸಿದೆ. ಈರಪ್ಪ ನನಗೆ ಎರಡು ಕಡೆಯಿಂದಲೂ ಮಾವ. ತಾಯಿಯ ಅಣ್ಣ, ಮತ್ತು ಹೆಂಡತಿ ಶಾಂತವ್ವನ ತಂದೆ. ನನ್ನಪ್ಪ ತೀರಿಕೊಂಡಾಗ ನಾನು ಕೂಸು. ಸಾಕಿದವನು ಇವನೇ. ಮಳೆಗಾಲದಲ್ಲಿ ಸಾಲೆಯ ದಾರಿಯ ಹಳ್ಳ ತುಂಬಿದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ಎಷ್ಟು ಆಳವಿದೆ ಎಂದು ಒಂದು ದಿನವೂ ನಿಂತು ನೋಡಿದವನಲ್ಲ, ಧೋತರ ಎತ್ತಿ ಕಟ್ಟಿದರೆ ಮುಗಿಯಿತು, ಅವನ ತಯಾರಿ ಅಷ್ಟೇ.

ಸುದ್ದಿ ಕೇಳಿ ಮಾವ ಎರಡೂ ಹೆಗಲು ಮುಟ್ಟಿ ತೋರಿಸಿದ. "ತಮ್ಮಾ, ನಿನ್ನ ಹೊತ್ತ ಹೊತ್ತ ಇವು ಸವದಾವು. ಈಗ ನಿನ್ನ ಪಾಳಿ. ಒಂದ ಸಲ ಫಟಫಟಿ ಮ್ಯಾಲ ಕುಂದರಿಸಿಕೊಂಡು ಮುಂಡಗೋಡ ಸಂತಿಗೆ ಒಯ್ಯಿ. ಮತ್ತೇನೂ ಬ್ಯಾಡ ನನಗ. ಮುಂದಿನ ಸಲ ಬಸ್ಸಿಗೆ ಬಂದ್ರ ಬಾಗಲಾ ತಗ್ಯಾಂಗಿಲ್ಲ ನೋಡು!"

ಬರುವ ಆಯಿತವಾರವೇ ಬರುತ್ತೇನೆ ಎಂದು ಮಾತು ಕೊಟ್ಟೆ. ದಾಂಡೇಲಿಯಿಂದ ಹಳಿಯಾಳ, ಕಲಘಟಗಿ, ತಡಸ, ಅಲ್ಲಿಂದ ಇಂದೂರು. ಐವತ್ತೈದು ಮೈಲು. ಈಗಿನವರು ನಗಬಹುದು. ಆದರೆ ಅದು ರಸ್ತೆಗಿಂತ ತಗ್ಗೇ ಹೆಚ್ಚಾಗಿದ್ದ ಕಾಲ, ಮತ್ತು ದಾರಿಯ ಅರ್ಧ ಕಾಡು. ನಾನು ಒಂದು ಪಟ್ಟಿ ಮಾಡಿದೆ. ಹೆಚ್ಚಿನ ಟ್ಯೂಬು, ಪಂಪು, ಪಂಚರ್ ಪೆಟ್ಟಿಗೆ, ಪ್ಲಗ್ಗು, ಕ್ಲಚ್ಚಿನ ವಾಯರು, ಡಬ್ಬಿಯಲ್ಲಿ ಪೆಟ್ರೋಲು, ಹಗ್ಗ, ಸೂಜಿ ದಾರ. ಸೂಜಿ ದಾರ ಯಾಕೆ ಎಂದು ಈಗ ನೆನಪಿಲ್ಲ. ಎಲ್ಲ ಕೂಡಿಸುವುದರಲ್ಲಿ ಮೂರು ಆಯಿತವಾರ ಹೋದವು. ಆಮೇಲೆ, ದಾರಿಯಲ್ಲಿ ಪಂಚರ್ ಆದರೆ ತೆಗೆಯಲು ಬರಬೇಕಲ್ಲ ಎಂದು ಅಂಗಳದಲ್ಲಿ ಕೂತು ಸುಸ್ಥಿತಿಯಲ್ಲಿದ್ದ ಗಾಲಿಯನ್ನು ಬಿಚ್ಚಿ, ಸುಸ್ಥಿತಿಯಲ್ಲಿದ್ದ ಟ್ಯೂಬನ್ನು ಹೊರಗೆಳೆದೆ. ಎಳೆಯುವಾಗ ಟೈರು ಎಬ್ಬಿಸುವ ಕಬ್ಬಿಣದ ಪಟ್ಟಿಯ ತುದಿ ತಾಗಿ ಅದು ಪಂಚರ್ ಆಯಿತು. ಇನ್ನೊಂದು ವಾರ ಹೋಯಿತು. ಆಮೇಲೆ ಹಿಂದೆ ಜನ ಕೂತರೆ ತೋಲ ತಪ್ಪೀತೆಂಬ ಹೆದರಿಕೆ ಹುಟ್ಟಿತು. ಶಾಂತವ್ವನ ಭಾರವನ್ನು ಅಂದಾಜು ಮಾಡಿ, ಅಷ್ಟು ಜೋಳವನ್ನು ಚೀಲದಲ್ಲಿ ತುಂಬಿ, ಹಿಂದಿನ ಸೀಟಿಗೆ ಕಟ್ಟಿ ಕಾಲನಿಯನ್ನು ಸುತ್ತಿದೆ.

"ನಾ ಇಲ್ಲೇ ಜೀವಂತ ಅದೇನಲ್ರೀ, ಚೀಲಾ ಯಾಕ ಕಟ್ಟೀರಿ?" ಎಂದಳು ಅವಳು. ಆಮೇಲೆ ಚೀಲದ ಗಾತ್ರ ನೋಡಿ ಎರಡು ದಿನ ಮಾತು ಬಿಟ್ಟಳು.

ಕಾರ್ಖಾನೆಯ ಕಟ್ಟಿಗೆಯ ಅಡ್ಡೆಯಲ್ಲಿ ಬಸ್ತ್ಯಾಂವ ಎಂಬ ಸಿದ್ದಿ ಗೆಳೆಯನಿದ್ದ. ಅವನ ಊರು ಹಳಿಯಾಳದಾಚೆಯ ಕಾಡಿನಲ್ಲಿ. ವಾರವಾರ ಬ್ರೇಕೂ ಸರಿಯಿಲ್ಲದ ಸೈಕಲ್ಲಿನ ಮೇಲೆ ಮನೆಗೆ ಹೋಗಿ ಬರುತ್ತಿದ್ದ. "ಪಂಪು ಒಯ್ಯೂದಿಲ್ಲೇನೋ? ಪಂಚರ್ ಆದ್ರ ಏನ ಮಾಡ್ತಿ?" ಎಂದು ಕೇಳಿದೆ.

"ನೂಕ್ಕೋತ ಹೋಗತೇನ್ರಿ. ಪಂಚರ್ ಆದ್ರ ಊರೇನು ಎದ್ದು ಓಡಿ ಹೋಗತೈತ್ಯೇ?" ಎಂದು ನಕ್ಕ. ಎಂಥ ಬೇಜವಾಬ್ದಾರಿ ಮನುಷ್ಯ ಎಂದುಕೊಂಡೆ.

ಈ ಎಲ್ಲ ಆಯಿತವಾರಗಳಂದು ಶಾಂತವ್ವ ಬೆಳಕು ಹರಿಯುವ ಮೊದಲೇ ಎದ್ದು ಬುತ್ತಿ ಮಾಡುತ್ತಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ, ಅವಳ ಅಪ್ಪನಿಗೆ ಸೇರುವ ಮೊಸರನ್ನ. ಬಿಳಿ ಅರಿವೆಯಲ್ಲಿ ಎಲ್ಲ ಕಟ್ಟಿ, ಹೊಸ ಸೀರೆ ಉಟ್ಟು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಅಷ್ಟರಲ್ಲಿ ನನಗೆ ಏನೋ ಒಂದು ಊನ ಕಾಣುತ್ತಿತ್ತು. ಅವಳು ಸೀರೆ ಬದಲಿಸಿ ಬರುತ್ತಿದ್ದಳು. ಹಿತ್ತಲಿನ ಸಾಗವಾನಿ ಮರದ ಕೆಳಗೆ ಕೂತು ಇಬ್ಬರೂ ಬುತ್ತಿ ತಿನ್ನುತ್ತಿದ್ದೆವು. "ಬಸ್ಸಿಗೇ ಹೋಗೂಣ್ರಿ, ಅಪ್ಪ ಬಾಯಿಲೆ ಅಂತಾನ, ಬಾಗಲಾ ತಗೀದs ಇರ್ತಾನೇನು?" ಎಂದು ಒಮ್ಮೆ ಅಂದಳು. ಕೊಟ್ಟ ಮಾತೆಂದರೆ ಮಾತು ಎಂದು ನಾನು ಗಂಭೀರವಾಗಿ ಹೇಳಿದೆ. ಇನ್ನೊಮ್ಮೆ, ರಜೆಯ ದಿನವೂ ಒಣ ರೊಟ್ಟಿಯೇ, ಬಿಸಿ ಅನ್ನ ಸಾರು ಇದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಗೊಣಗಿದೆ. ನನ್ನಂಥವರಿಗೆ ನಾಚಿಕೆ ಯಾವಾಗಲೂ ತಡವಾಗಿ ಬರುತ್ತದೆ.

ಅದರ ಮುಂದಿನ ವಾರ ಹಾರ್ನು ಕೂಗಲಿಲ್ಲ. ಹಾರ್ನಿಲ್ಲದೆ ಹಳಿಯಾಳದ ಚಕ್ಕಡಿಗಳ ನಡುವೆ ಹೋಗುವುದು ಹೇಗೆ? ಬೇಡ ಎಂದೆ. ಶಾಂತವ್ವ ಒಳಗೆ ಹೋದಳು. ಆಶ್ಚರ್ಯವೆಂದರೆ ಹತ್ತೇ ನಿಮಿಷದಲ್ಲಿ ಗಂಗಾಳಕ್ಕೆ ಬಿಸಿ ಅನ್ನ, ಬೇಳೆ ಸಾರು ಬಂದಿತ್ತು. "ನಿನ್ನ ಕೈ ಭಾಳ ಚುರುಕು ಬಿಡು" ಎಂದು ಹೊಗಳಿದೆ. ಅವಳು ತಲೆ ತಗ್ಗಿಸಿ ಬಡಿಸಿದಳು.

ಹಾರ್ನಿನ ವಿಷಯ ಮಾವನಿಗೆ ಬರೆದೆ. ಮೂರನೆಯ ದಿನ ಕೋಳಿ ಕಾಲಿನ ಅಕ್ಷರದ ಕಾರ್ಡು ಬಂತು. "ಹಾರ್ನ್ ಇರಲಿಕ್ಕರ ಹಿಂದ ಕುಂತು ನಾನ ಒದರತೇನಿ. ನನ್ನ ದನಿ ನಿನಗ ಗೊತ್ತೈತಿ. ಬಾ." ಓದಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ನಕ್ಕು ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬಂದ ಆಯಿತವಾರ, ಶಿವರಾತ್ರಿಗೆ ಇನ್ನೂ ಎಂಟು ದಿನವಿತ್ತು, ಹಾರ್ನು ಕೂಗಿತು. ಬುತ್ತಿ ಕಟ್ಟಿಯಾಗಿತ್ತು. ಪಟ್ಟಿಯ ಸಾಮಾನೆಲ್ಲ ಅಂಗಳದಲ್ಲಿ ಸಾಲಾಗಿತ್ತು. ಕೊನೆಯದಾಗಿ ದೀಪ ನೋಡಿದೆ. ಮುಂದಿನದು ಹತ್ತಿತು, ಹಿಂದಿನದು ಹತ್ತಲಿಲ್ಲ. ಬೆಳಗಿನ ಎಂಟು ಗಂಟೆ, ಮೇಲೆ ಬಿಸಿಲು ಬಿದ್ದಿದೆ, ಆದರೂ ಹಿಂದಿನ ದೀಪವಿಲ್ಲದೆ ಹೋಗುವುದು ಹೇಗೆ ಎಂದು ನನ್ನ ತಲೆ ಕೆಲಸ ಶುರುಮಾಡಿತು. ಶಾಂತವ್ವನಿಗೆ ಈ ಸಲ ಹೇಗೆ ಹೇಳಲಿ ಎಂದು ಗಾಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮಾತು ಜೋಡಿಸುತ್ತಿದ್ದೆ. "ಶಾಂತಾ, ಇನ್ನೊಂದ ವಾರ" ಎಂಬಲ್ಲಿಗೆ ಬಂದಿದ್ದೆ. ಆಗ ಅಂಚೆ ಕಚೇರಿಯ ತಾರಿನ ಜವಾನ ಗೇಟು ತೆಗೆದ.

ನಿನ್ನೆ ಸಂಜೆ ಮಾವ ಹೋಗಿದ್ದ. ಎರಡು ದಿನದ ಜ್ವರ.

ಶಾಂತವ್ವ ಅಳಲಿಲ್ಲ. ಬುತ್ತಿಯ ಗಂಟನ್ನು ಮತ್ತೊಮ್ಮೆ ಬಿಗಿದಳು. "ನಡೀರಿ. ಅಲ್ಲಿ ಇವತ್ತ ಒಲಿ ಹಚ್ಚೂದಿಲ್ಲ. ಬುತ್ತಿ ಬೇಕಾಗತೈತಿ" ಎಂದಳು. ಅಪ್ಪ ಸಂತೆಯ ದಾರಿಯಲ್ಲಿ ಉಣ್ಣಲಿ ಎಂದು ಇಷ್ಟು ವಾರ ಕಟ್ಟಿದ್ದ ಬುತ್ತಿ, ಅವನು ಸತ್ತ ಮನೆಯ ಬುತ್ತಿಯಾಗಿ ಹೊರಟಿತು.

ಪಂಪು, ಟ್ಯೂಬು, ಹಗ್ಗ, ಎಲ್ಲ ಅಂಗಳದಲ್ಲೇ ಬಿದ್ದಿದ್ದವು. ಒಂದೇ ಒದೆತಕ್ಕೆ ಗಾಡಿ ಶುರುವಾಯಿತು. ಹಳಿಯಾಳ ದಾಟಿತು, ಕಲಘಟಗಿ ದಾಟಿತು, ತಡಸ ದಾಟಿತು. ಒಂದು ಸಲವೂ ಕೆಮ್ಮಲಿಲ್ಲ. ಎಲ್ಲಾದರೂ ನಿಲ್ಲಲಿ, ಒಂದು ಗಾಲಿಯಾದರೂ ಪಂಚರ್ ಆಗಲಿ, ಇಷ್ಟು ತಿಂಗಳು ನಾನು ಹೆದರಿದ್ದರಲ್ಲಿ ಅರ್ಥವಿತ್ತು ಅನ್ನಿಸಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಅಂಥ ದಿನ ಅಂಥ ಬೇಡಿಕೆ! ಆದರೆ ಬೇಡಿಕೊಂಡದ್ದು ನಿಜ. ಮಧ್ಯಾಹ್ನಕ್ಕೆ ಮುಂಚೆಯೇ ಇಂದೂರು ಬಂತು.

ಮಾವನ ಮನೆ ಡಾಂಬರು ರಸ್ತೆಯಿಂದ ಒಂದು ಫರ್ಲಾಂಗು ಒಳಗೆ, ಗದ್ದೆಗಳ ನಡುವಿನ ಗಾಡಿದಾರಿಯಲ್ಲಿದೆ. ಮೊಣಕಾಲುದ್ದ ತಗ್ಗುಗಳ ದಾರಿ ಅದು. ಅಲ್ಲಿ ಇಳಿದು ನೂಕಬೇಕಾದೀತು ಎಂದು ಬ್ರೇಕು ಹಾಕಿದೆ. ನೋಡಿದರೆ ದಾರಿ ನುಣ್ಣಗಿತ್ತು. ಹೊಸ ಕೆಂಪು ಗರಸು ಮಣ್ಣು, ದಮ್ಮಸ್ಸು ಮಾಡಿ ಕೂರಿಸಿದ್ದು, ಫಟಫಟಿಯ ಗಾಲಿಗೆ ಸಾಕಾಗುವಷ್ಟೇ ಅಗಲ, ನೇರ ಬಾಗಿಲವರೆಗೆ. ಗಾಡಿ ಕುಕ್ಕದೆ ಹೋಗಿ ಮಂದಿಯ ನಡುವೆ ನಿಂತಿತು.

"ಸುಗ್ಗಿ ಮುಗದಾಗಿಂದ ಇದs ಕೆಲಸ ಅಪ್ಪಂದು" ಎಂದ ಮಾವನ ಮಗ ಬಸಣ್ಣ. "ದಿನಾ ಬುಟ್ಟಿಲೆ ಗರಸು ಹೊತ್ತು ಹಾಕಾವ. ಬ್ಯಾಡೋ ಯಪ್ಪಾ ಅಂದ್ರ ಕೇಳಾಂಗಿಲ್ಲ. ಅಳಿಯಾನ ಗಾಡಿ ಕುಕ್ಕಬಾರದು, ಅಂವ ಮೊದಲs ಅಂಜುಬುರುಕ ಅಂತಿದ್ದ."

ಆ ದಾರಿಯ ಮೇಲೇ ನಾವು ಅವನನ್ನು ಒಯ್ದೆವು. ಕೊನೆಗೂ ಮಾವನನ್ನು ಹೊರುವ ಪಾಳಿ ನನಗೆ ಬಂತು, ಹೆಗಲ ಮೇಲೆ. ನಾನು ಅತ್ತುಬಿಟ್ಟೆ. ಸುತ್ತ ಇದ್ದವರು ಸಮಾಧಾನ ಮಾಡಿದರು. ಅವರಿಗೆಲ್ಲ ಶಾಂತವ್ವ ಮೊದಲೇ ಹೇಳಿಬಿಟ್ಟಿದ್ದಳು: "ಇವತ್ತ ಹೊಂಟಿದ್ವಿರಿ. ಬುತ್ತಿ ಕಟ್ಟಿ, ಗಾಡಿ ಹತ್ತೂದೊಂದs ಬಾಕಿ ಇತ್ತು." ಪಾಪ, ಒಂದು ದಿನ ತಡವಾಯಿತಲ್ಲ ಎಂದು ಎಲ್ಲರೂ ಮರುಗಿದರು. ನಾನು ಆ ಮರುಕವನ್ನು ಸುಮ್ಮನೆ ತೆಗೆದುಕೊಂಡೆ. ಹಿಂದಿನ ದೀಪದ ವಿಷಯ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿಸಿ ಒಬ್ಬನೇ ದಾಂಡೇಲಿಗೆ ಬಂದೆ. ಬಾಗಿಲು ತೆಗೆದರೆ ಹಳಸಿದ ವಾಸನೆ. ಅಡಿಗೆಮನೆಯಲ್ಲಿ ಎರಡು ಮಣೆ ಹಾಕಿತ್ತು, ಎರಡು ಗಂಗಾಳ ಬೋರಲಿತ್ತು. ಆರಿದ ಒಲೆಯ ಮೇಲೆ ಒಂದು ಬೋಗುಣಿಯಲ್ಲಿ ಅನ್ನ, ಪಕ್ಕದಲ್ಲಿ ಸಾರು, ಎರಡರ ಮೇಲೂ ಬೂಷ್ಟು. ಆಯಿತವಾರ ನಸುಕಿನಲ್ಲಿ ಬುತ್ತಿ ಮಾಡಿ, ಹೊಸ ಸೀರೆ ಉಡುವ ಮೊದಲು ಅವಳು ಮಧ್ಯಾಹ್ನದ ಅಡಿಗೆಯನ್ನೂ ಮಾಡಿಟ್ಟಿದ್ದಳು. ಹಾರ್ನಿನ ವಾರದ ಆ ಚುರುಕು ಕೈಯ ಗುಟ್ಟು ಆಗ ತಿಳಿಯಿತು. ಗಾಡಿಯ ಒಂದೊಂದು ಭಾಗಕ್ಕೂ ನಾನು ಹೆಚ್ಚಿನದೊಂದು ಕೂಡಿಸಿಟ್ಟಿದ್ದೆ. ನನ್ನ ಮಾತು ಕೈಕೊಟ್ಟರೆ ಇರಲಿ ಎಂದು ಅವಳೂ ಒಂದು ಸ್ಟೆಪ್ನಿ ಇಟ್ಟುಕೊಂಡಿದ್ದಳು. ಪಾತ್ರೆಗಳನ್ನು ಹಿತ್ತಲಿಗೆ ಒಯ್ದು ಬೂದಿ ಹಾಕಿ ಬಹಳ ಹೊತ್ತು ತಿಕ್ಕಿದೆ. ಅವಳು ಬರುವಷ್ಟರಲ್ಲಿ ಗುರುತೇ ಇರಬಾರದು ಎಂದು ಹಲಗೆಯ ಮೇಲೆ ಬೋರಲು ಹಾಕಿದೆ.

ಹನ್ನೊಂದನೆಯ ದಿನ ಕಳೆದ ಮೇಲೆ ಬಸಣ್ಣ ಅವಳನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ. ಅವಳು ನೇರ ಅಡಿಗೆಮನೆಗೆ ಹೋದಳು. ಹಲಗೆಯ ಮೇಲಿನ ಬೋಗುಣಿಯನ್ನು ಎತ್ತಿ, ಒಳಗೆ ಹೊರಗೆ ತಿರುಗಿಸಿ ನೋಡಿದಳು. ಒಲೆಯ ಪಕ್ಕದ ಕಿಟಕಿ ಅಂಗಳಕ್ಕೆ ತೆರೆದುಕೊಳ್ಳುತ್ತದೆ, ಅಲ್ಲಿಂದ ಗಾಡಿ ನಿಲ್ಲಿಸುವ ಜಾಗ ಚೆನ್ನಾಗಿ ಕಾಣುತ್ತದೆ ಎಂಬುದು ಇಷ್ಟು ವರ್ಷ ಆ ಮನೆಯಲ್ಲಿದ್ದರೂ ನನಗೆ ಹೊಳೆದಿರಲಿಲ್ಲ.

"ಹಿಂದಿನ ದೀಪ ಹತ್ತತೈತೇನ್ರಿ ಈಗ?" ಎಂದಳು.

ಹತ್ತುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಬಲ್ಬು ಸ್ವಲ್ಪ ಸಡಿಲಾಗಿತ್ತು, ಅಷ್ಟೇ.