ಬುಡ ನೋಡುವ ಬೀಗರು

ನಮ್ಮ ಬೀಗರಿಗೆ ಹುಚ್ಚು ಹಿಡಿದಿದೆ ಎಂದು ಮಸ್ಕಿಯಲ್ಲಿ ಯಾರಾದರೂ ಹೇಳಿದರೆ ನೀವು ನಂಬಬೇಡಿ. ಹುಚ್ಚು ಅವರನ್ನು ಹಿಡಿದಿಲ್ಲ. ಅವರೇ ಹುಚ್ಚನ್ನು ಹಿಡಿದು, ಕಲ್ಲುಬಾನಿಯಲ್ಲಿ ನೆಟ್ಟು, ನೀರೆರೆದು, ಟೊಂಗೆ ಕತ್ತರಿಸಿ, ಮೊಣಕಾಲೆತ್ತರಕ್ಕೆ ನಿಲ್ಲಿಸಿದ್ದಾರೆ!

ಬೀಗರೆಂದರೆ ನನ್ನ ಮಗಳ ಮಾವ. ಅವರ ಅಂಗಳಕ್ಕೆ ಹೋಗಿ ನೋಡಿ. ಆಲ, ಗೋಣಿ, ಬಸರಿ, ಅತ್ತಿ ಎಲ್ಲವೂ ಸಾಲಾಗಿ ಕಲ್ಲುಬಾನಿಗಳಲ್ಲಿ ಕುಳಿತಿವೆ. ಊರ ಹೊರಗೆ ಎತ್ತು ಬಂಡಿಗಳಿಗೆ ನೆರಳು ಕೊಡುವ ಆಲದ ಮರ ಇವರ ಮನೆಯಲ್ಲಿ ಬೆಕ್ಕಿಗೂ ನೆರಳು ಕೊಡುವುದಿಲ್ಲ. ಅದರ ಬಿಳಲು ನನ್ನ ಮೀಸೆಯಷ್ಟು ಉದ್ದ. ನನ್ನ ಮೀಸೆ ಸಣ್ಣದೆಂದು ಬೇರೆ ಹೇಳಬೇಕೆ?

ಮಸ್ಕಿ ಗುಡ್ಡದ ಬಂಡೆಯ ಸಂದಿಯಲ್ಲಿ ಮೊಣಕಾಲೆತ್ತರದ ಒಂದು ಆಲದ ಗಿಡವಿದೆ. ಬೀಗರ ಅಜ್ಜನ ಕಾಲದಲ್ಲೂ ಅದು ಅಷ್ಟೇ ಇತ್ತಂತೆ. ಚಿಕ್ಕಂದಿನಲ್ಲಿ ಅದನ್ನು ಕಂಡ ಬೀಗರಿಗೆ, ಸಂದಿಯಲ್ಲಿ ಬದುಕುವ ಮರ ಬಾನಿಯಲ್ಲಿ ಯಾಕೆ ಬದುಕಬಾರದು ಅನ್ನಿಸಿತು. ಅಲ್ಲಿಂದ ಶುರು. ಯಾವ ಊರಿಗೆ ಹೋದರೂ ಕೈಯಲ್ಲಿ ಒಂದು ಹಸಿ ಟೊಂಗೆ ಹಿಡಿದೇ ಬರುತ್ತಾರೆ. ಬೇರೆಯವರು ಸಂತೆಯಿಂದ ಮಕ್ಕಳಿಗೆ ಬತ್ತಾಸು ತರುತ್ತಾರಲ್ಲ, ಹಾಗೆ.

ಲೋಕದ ಮಂದಿ ಮರದ ಹಣ್ಣು ನೋಡುತ್ತಾರೆ, ನೆರಳು ನೋಡುತ್ತಾರೆ. ನಮ್ಮ ಬೀಗರು ಬುಡ ನೋಡುತ್ತಾರೆ. ಬುಡದಿಂದ ಬೇರುಗಳು ಸುತ್ತಲೂ ಹರಡಿ, ಹುಂಜದ ಕಾಲಿನ ಹಾಗೆ ನೆಲವನ್ನು ಅಮುಕಿ ಹಿಡಿದಿರಬೇಕು. ಹಾಗಿದ್ದರೆ ಅದು ಮರ. ಇಲ್ಲದಿದ್ದರೆ ನೆಲಕ್ಕೆ ಚುಚ್ಚಿದ ಕೋಲು!

ಮರದ ಬುಡ ನೋಡಲಿ, ಬೇಡವೆಂದವರು ಯಾರು? ಆದರೆ ನನ್ನ ಮಗಳನ್ನು ನೋಡಲು ಸಿಂಧನೂರಿಗೆ ಬಂದಾಗಲೂ ಅದನ್ನೇ ಮಾಡಬೇಕೆ? ಹುಡುಗಿ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದು ನಿಂತಳು. ಬಂದವರೆಲ್ಲ ಅವಳ ಮುಖ ನೋಡಿದರು. ಇವರು ಮಾತ್ರ ಬಗ್ಗಿ ಜಮಖಾನೆಯ ಅಂಚಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಬಾಗಿಲ ಮರೆಯಿಂದ ನನ್ನ ಹೆಂಡತಿ ಕೇಳಿದಳು:

"ಏನರ ಬಿತ್ತೇನ್ರಿ?"

"ಏನೂ ಬಿದ್ದಿಲ್ರಿ ಅಕ್ಕಾರ. ಬೀಳಾಂಗೂ ಇಲ್ಲ. ಬುಡ ಚೊಲೋ ಐತಿ!" ಎಂದರು ಬೀಗರು. "ಕಾಲ್ಬೆರಳು ಬಿಚ್ಚಿ ಹೆಂಗ ನಿಂತಾಳ ನೋಡ್ರಿ. ಎಂಥಾ ಗಾಳಿ ಬಂದ್ರೂ ಈ ಹುಡುಗಿ ಅಳ್ಳಾಡಾಂಗಿಲ್ಲ."

ಅವರು ಹೋದ ಮೇಲೆ ಮನೆಯಲ್ಲಿ ಯುದ್ಧ. "ನನ್ನ ಮಗಳು ಎತ್ತೇನು, ಕಾಲು ನೋಡಿ ಕೊಳ್ಳಾಕ?" ಎಂದು ನನ್ನಾಕೆ ಕಿಡಿಕಿಡಿಯಾದಳು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಮಾವನೊಬ್ಬ ಸ್ವಲ್ಪ ಹೀಗೆ, ಎಂದು ನಾನು ಸಮಾಧಾನ ಹೇಳಿ ಒಪ್ಪಿಸಿದೆ.

ಸ್ವಲ್ಪ ಹೀಗೆ! ಎಷ್ಟು ಹೀಗೆ ಎನ್ನುವುದು ಮದುವೆಯ ದಿನ ಗೊತ್ತಾಯಿತು.

ನಮ್ಮಲ್ಲಿ ಮದುವೆಯ ಹಂದರಕ್ಕೆ ಮೊದಲು ಹಾಲಗಂಬ ನೆಡುತ್ತೇವೆ. ಹಾಲು ಬರುವ ಮರದ ಟೊಂಗೆಯೇ ಆಗಬೇಕು. ನಮ್ಮ ಹಿತ್ತಲ ಬಾವಿಯ ಪಕ್ಕ ಒಂದು ಅತ್ತಿ ಮರವಿದೆ. ಮಗಳು ಅಂಬೆಗಾಲಿಟ್ಟದ್ದು ಅದರ ನೆರಳಲ್ಲಿ. ಜೋಕಾಲಿ ಆಡಿದ್ದು, ನನ್ನಾಕೆಯ ಕೈಯಲ್ಲಿ ಏಟು ತಪ್ಪಿಸಿಕೊಳ್ಳಲು ಹತ್ತಿ ಕುಳಿತದ್ದು, ಎಲ್ಲ ಅದರಲ್ಲೇ. ಅದರದೇ ತೋಳುಗಾತ್ರದ ಟೊಂಗೆ ಕಡಿದು, ಅರಿಷಿಣ ಹಚ್ಚಿ, ಕಂಕಣ ಕಟ್ಟಿ ಅಂಗಳದಲ್ಲಿ ನೆಟ್ಟೆವು.

ಮದುವೆ ಮುಗಿಯಿತು. ಹೆಣ್ಣು ಒಪ್ಪಿಸುವ ಹೊತ್ತು. ಹಂದರದ ಕೆಳಗೆ ಮಗಳು ಅಳುತ್ತಿದ್ದಾಳೆ, ಅವಳ ಸುತ್ತ ಹೆಂಗಸರು ಅಳುತ್ತಿದ್ದಾರೆ, ನಾನು ಅಳಬಾರದೆಂದು ಬಂಡಿಯ ನೊಗವನ್ನು ಸುಮ್ಮನೆ ಬಿಗಿಯುತ್ತಿದ್ದೇನೆ. ಅಷ್ಟರಲ್ಲಿ ಹಿಂದಿನಿಂದ "ಅಯ್ಯಯ್ಯೋ!" ಎಂಬ ಕೂಗು. ತಿರುಗಿ ನೋಡಿದರೆ ಗಂಡಿನ ಅಪ್ಪ, ನಮ್ಮ ಬೀಗರು, ಹಾಲಗಂಬವನ್ನು ಕಿತ್ತು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ! ತಲೆ ಬರಿದು. ರುಮಾಲು ಎಲ್ಲಿ? ನೀರಿನಲ್ಲಿ ಅದ್ದಿ ಕಂಬದ ಬುಡಕ್ಕೆ ಸುತ್ತಿದ್ದಾರೆ!

"ಬೀಗರ, ಏನಿದು? ಹಂದರದ ಕಂಬ ಯಾರರ ಒಯ್ತಾರೇನ್ರಿ?"

"ವರದಕ್ಷಿಣಿ ಬ್ಯಾಡ ಅಂದಿದ್ದೆ. ಇದೊಂದು ಇರಲಿ" ಎಂದು ಬಂಡಿ ಹತ್ತಿಯೇಬಿಟ್ಟರು.

ಸಿಂಧನೂರಿನಲ್ಲಿ ನನ್ನದು ಕಿರಾಣಿ ಅಂಗಡಿ. ದಿನಕ್ಕೆ ಹತ್ತು ಮಂದಿ ಬರುವಲ್ಲಿ ಮೂವತ್ತು ಮಂದಿ ಬರತೊಡಗಿದರು. ಯಾರಿಗೂ ಬೆಲ್ಲ ಬೇಕಿರಲಿಲ್ಲ, ಎಲ್ಲರಿಗೂ ಕಂಬದ ಸುದ್ದಿ ಬೇಕಿತ್ತು. "ಬಾಗಿಲಾ ಬಿಟ್ಟು ಹೋಗ್ಯಾರಲ್ಲ, ನಿನ್ನ ಪುಣ್ಯಾ" ಅನ್ನುವವರು ಬೇರೆ.

ಆ ಕಂಬವನ್ನು ಬೀಗರು ಮೊಳದುದ್ದಕ್ಕೆ ಕತ್ತರಿಸಿ ನೆಟ್ಟರು. ಹೇಗೆ ನೆಟ್ಟರು ಎನ್ನುವುದೇ ಒಂದು ಕತೆ. ಒಂದು ದಿನ ಬೀಗಿತಿ ರೊಟ್ಟಿ ಬಡಿಯುತ್ತಿದ್ದರಂತೆ. ಎಂದೂ ಒಲೆಯ ಕಡೆ ಸುಳಿಯದ ಗಂಡ ಎದುರಿಗೆ ಬಂದು ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಬೀಗಿತಿಗೆ ನಾಚಿಕೆಯೇ ಬಂತು. "ಈ ವಯಸ್ಸಿನ್ಯಾಗ ಏನು ಹಂಗ ನೋಡ್ತೀರಿ?" ಅಂದರಂತೆ.

"ನಿನ್ನಲ್ಲಬೇ, ರೊಟ್ಟಿ ನೋಡಾಕತ್ತೀನಿ. ನಡುವಿನಿಂದ ಸುತ್ತಾ ಹೆಂಗ ಹರಡತೈತಿ ನೋಡು! ಬೇರೂ ಹಿಂಗ ಹರಡಬೇಕು."

ಮರುದಿನ ರೊಟ್ಟಿ ಬೇಯಿಸುವ ಮಣ್ಣಿನ ಹಂಚು ಮಾಯ! ಬೀಗರು ಅದನ್ನು ಬಾನಿಯ ತಳದಲ್ಲಿ ಅಡ್ಡ ಹಾಸಿ, ಮೇಲೆ ಮಣ್ಣು ಹರಡಿ, ಅದರ ಮೇಲೆ ಟೊಂಗೆ ನಿಲ್ಲಿಸಿದ್ದರು. ಕೆಳಗಿಳಿಯಲು ಹೋದ ಬೇರಿಗೆ ಹಂಚು ಅಡ್ಡ ಬರುತ್ತದೆ. ದಾರಿ ಮುಚ್ಚಿದರೆ ಏನು ಮಾಡುತ್ತದೆ? ಸುತ್ತಲೂ ಹರಿಯುತ್ತದೆ. ಮಳೆಗಾಲಕ್ಕೊಮ್ಮೆ ಗಿಡ ಎತ್ತಿ, ಕೆಳಗೆ ಇಣುಕುವ ಬೇರು ಕತ್ತರಿಸಿ, ಉಳಿದವನ್ನು ಜಾಲಿಯ ಮುಳ್ಳು ಚುಚ್ಚಿ ಬೀಸಣಿಗೆಯ ಹಾಗೆ ಬಿಡಿಸಿ ಇಡುತ್ತಾರೆ. ಹೀಗೆ ಗಿಡಕ್ಕೊಂದು ಹಂಚು. ಬೀಗಿತಿ ನನ್ನಾಕೆಯ ಮುಂದೆ ಗೋಳಾಡಿದರು:

"ಊರ ಗಂಡಸರು ಹೇಂತಿ ಬಂಗಾರ ಕದೀತಾರ. ನಮ್ಮವರು ಹಂಚು ಕದೀತಾರ! ಬಂಗಾರಾ ಹೋದ್ರ ಉಣ್ಣಾಕರ ಬರ್ತೈತಿ."

ಇನ್ನೊಂದು ಸಲ ನಿಜಾಮ ಸರಕಾರದ ಕಂದಾಯ ಅಧಿಕಾರಿ ಗಿರ್ದಾವರ ಸಾಹೇಬರು ಊರಿನ ಮರಗಳನ್ನು ಬರೆದುಕೊಳ್ಳಲು ಬಂದರು. ಇಂಥವರು ಬಂದರೆ ಮಂದಿ ತೆರಿಗೆಗೆ ಹೆದರಿ ಇದ್ದ ಮರವನ್ನೂ ಇಲ್ಲ ಅನ್ನುತ್ತಾರೆ. ನಮ್ಮ ಬೀಗರು ಅವರನ್ನು ಕೈಹಿಡಿದು ಮನೆಗೆ ಕರೆತಂದು, "ನಮ್ಮವೂ ಬರಕೋರಿ ಸಾಹೇಬರ" ಎಂದರು!

ಸಾಹೇಬರು ಮೊಣಕಾಲೆತ್ತರದ ಆಲವನ್ನು ನೋಡಿದರು, ಬೀಗರನ್ನು ನೋಡಿದರು. "ಇದು ಮರಾ? ಇದರ ನೆಳ್ಳಾಗ ಯಾರು ಕುಂದರ್ತಾರ?"

"ಬಗ್ಗಿ ನೋಡ್ರಿ, ಇರಿವಿ ಕುಂತಾವ."

ಸಾಹೇಬರು ನಿಜಕ್ಕೂ ಬಗ್ಗಿದರು. ಇರುವೆಗಳು ನಿಜಕ್ಕೂ ಇದ್ದವು. ಸಾಹೇಬರು ನಗುತ್ತ ಕುಳಿತವರು ಊಟ ಮುಗಿಸಿಯೇ ಎದ್ದರು. ಆದರೆ ಮರವೆಂದು ಬರೆದುಕೊಳ್ಳಲಿಲ್ಲ. ಬೀಗರು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಇಷ್ಟೆಲ್ಲ ನಗುವ ಮಾತಾಯಿತು. ಮಗಳ ಮೊದಲ ಬಸಿರು ನಿಲ್ಲಲಿಲ್ಲ. ಆಗ ಯಾರೂ ನಗಲಿಲ್ಲ. ಎರಡನೆಯದು ನಿಂತಾಗ ನನ್ನಾಕೆ ನಮ್ಮ ಬಾವಿಯ ಅತ್ತಿ ಮರಕ್ಕೆ ಹರಕೆ ಹೊತ್ತಳು. ಮಗಳು ಹೆರಿಗೆಗೆ ತವರಿಗೆ ಬಂದ ದಿನದಿಂದ ಪ್ರತಿದಿನ ಮರಕ್ಕೆ ಸುತ್ತು ಹಾಕಿಸುತ್ತೇನೆ ಎಂದು. ಕರೆತರಲು ಇಬ್ಬರೂ ಮಸ್ಕಿಗೆ ಹೋದೆವು. ಆದರೆ ಸೂಲಗಿತ್ತಿ ಅಡ್ಡ ನಿಂತಳು. ಮಲಗಿದ ಹೊರಸು ಬಿಟ್ಟು ಇಳಿಯಕೂಡದು, ಬಂಡಿಯ ಮಾತೇ ಬೇಡ. ಲಿಂಗಸೂಗೂರಿನಿಂದ ಕರೆಸಿದ ಡಾಕ್ಟರರದೂ ಅದೇ ಮಾತು.

ಮಗಳಿಗೆ ಹರಕೆಯದೇ ಚಿಂತೆ ಹತ್ತಿತು. "ಅವ್ವಾ, ಸುತ್ತು ಹಾಕ್ಲಿಲ್ಲ. ಇದೂ ಉಳಿಯಾಂಗಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಗಂಜಿಯನ್ನೂ ಒಲ್ಲೆ ಎಂದಳು. "ಉಣದಿದ್ರ ಕೂಸು ಹೆಂಗ ಬೆಳೀಬೇಕ್ರಿ?" ಎಂದು ಸೂಲಗಿತ್ತಿ ತಲೆಯ ಮೇಲೆ ಕೈಹೊತ್ತಳು. ನಾನು ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕುಳಿತೆ. ಬೇರೇನು ಮಾಡಲಿ?

ಬೀಗರು ಎದ್ದು ಅಂಗಳಕ್ಕೆ ಹೋದರು. ಏದುಸಿರು ಬಿಡುತ್ತ ಬಂದರು. ಎರಡೂ ಕೈಯಲ್ಲಿ ಕಲ್ಲುಬಾನಿ, ಅದರಲ್ಲಿ ಹಾಲಗಂಬದ ಅತ್ತಿ.

"ಹೊರಸು ನಡುವ ಎಳೀರಿ. ಆಕಿ ಮರದ ಕಡೆ ಹೋಗಾಕ ಬರಂಗಿಲ್ಲ ಅಂದ್ರ ಮರಾನ ಆಕಿ ಕಡೆ ಬರ್ತೈತಿ. ಅದಕ್ಕ ಕಾಲಿಲ್ಲಂದ್ರ ಏನಾತು, ನನಗದಾವು!"

ನನ್ನಾಕೆ ಬಿಡುತ್ತಾಳೆಯೇ? "ಬೀಗರ, ದೇವರನ್ನ ನಾವು ಸುತ್ತತೀವಿ. ದೇವರು ನಮ್ಮನ್ನ ಸುತ್ತೂದು ಎಲ್ಲ್ಯಾರ ಐತೇನ್ರಿ?"

"ಕೂಸು ಮಲಗಿದ್ರ ತಾಯಿ ಅದರ ಸುತ್ತ ತಿರಗೂದಿಲ್ಲೇನ್ರಿ ಅಕ್ಕಾರ?"

"ನಾ ಹರಕಿ ಹೊತ್ತಿದ್ದು ನಮ್ಮ ಬಾವಿ ಮರಕ್ಕ."

"ಇದು ಯಾವುದಂತ ಮಾಡೀರಿ? ಬೀಜದಿಂದ ಹುಟ್ಟಿದ್ರ ಅದರ ಮಗಾ ಅನಬಹುದಿತ್ತು. ಇದು ಟೊಂಗಿ. ನಿಮ್ಮ ಮರಾನ ಒಂದು ಕೈ ಸಿಂಧನೂರಾಗ, ಒಂದು ಕೈ ಮಸ್ಕ್ಯಾಗ ಇಟಗೊಂಡು ಕುಂತೈತಿ."

ನನ್ನಾಕೆ ಸೋತದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಸುಮ್ಮನೆ ಹೋಗಿ ಗಿಡಕ್ಕೆ ಕುಂಕುಮ ಹಚ್ಚಿದಳು.

ಬೀಗರು ಹೊರಸನ್ನು ಸುತ್ತತೊಡಗಿದರು. ಮುಖ ಕೆಂಪು, ಧೋತರ ಸಡಿಲ, ಎಲೆಗಳು ಗಡಗಡ. ಗೋಡೆಯ ಕಡೆ ತಿರುಗಿದ್ದ ಮಗಳು ಈ ಕಡೆ ತಿರುಗಿದಳು. ಕೈ ಚಾಚಿ ಎಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗಂಜಿ ಕೇಳಿದಳು.

ಮರುದಿನ ಬೀಗರ ನಡು ಹಿಡಿಯಿತು. ಇನ್ಯಾರು? ಮರವನ್ನು ನಾನೇ ಹೊತ್ತೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಮಲಗಿದಲ್ಲಿಂದಲೇ ಬೀಗರ ಕೂಗು:

"ಬಲಕ್ಕ! ಬಲಕ್ಕ ಹೋಗ್ರಿ! ಎಡಕ್ಕ ಸುತ್ತಿದ್ರ ನಿನ್ನೆ ಸುತ್ತಿದ್ದೆಲ್ಲ ಬಿಚ್ಚಿ ಹೋಗ್ತೈತಿ!"

ಮಗಳು ನಕ್ಕಳು. "ಅಪ್ಪಾ, ಸಾಕು ಬಿಡು, ಹೊಟ್ಟಿ ನೋಯಾಕತೈತಿ" ಎಂದು ಸೆರಗು ಬಾಯಿಗಿಟ್ಟು ನಕ್ಕಳು. "ನಗಿಸಿ ನಗಿಸಿ ಈಗ ಹಡಸ್ತೀರೇನು, ಇಬ್ರೂ ಮುದುಕ್ರು?" ಎಂದು ಸೂಲಗಿತ್ತಿ ನಮ್ಮನ್ನು ಹೊರಗೆ ಅಟ್ಟಿದಳು. ಹೆರಿಗೆಯಾಗುವವರೆಗೆ ಪ್ರತಿದಿನ ಬೆಳಿಗ್ಗೆ ಇಬ್ಬರು ಬೀಗರು ಸರದಿಯ ಮೇಲೆ ಮರ ಹೊತ್ತೆವು. ಊರವರ ಪಾಲಿಗೆ ಈಗ ಮಸ್ಕಿಯಲ್ಲಿ ಹುಚ್ಚರು ಇಬ್ಬರು!

ಹೆಣ್ಣು ಕೂಸು ಹುಟ್ಟಿತು. ಅದೇನು ಬಣ್ಣ, ಅದೇನು ಕೂದಲು! ನನ್ನ ಮೊಮ್ಮಗಳೆಂದು ಹೇಳುತ್ತಿಲ್ಲ, ನೀವೇ ಬಂದು ನೋಡಿ. ಮೂಗು ನಮ್ಮ ಕಡೆಯದೆಂದು ನನ್ನಾಕೆ, ತಮ್ಮ ಕಡೆಯದೆಂದು ಬೀಗಿತಿ. ಬೀಗರು ಮೂಗಿನ ತಂಟೆಗೇ ಹೋಗಲಿಲ್ಲ. ಬಟ್ಟೆ ಸರಿಸಿ ಪಾದ ನೋಡಿದರು. ಕೂಸು ಬೆರಳುಗಳನ್ನು ಬೀಸಣಿಗೆಯ ಹಾಗೆ ಬಿಚ್ಚಿತು. ಇಬ್ಬರು ಮುದುಕರೂ ಒಟ್ಟಿಗೇ ಕೂಗಿದೆವು:

"ಬುಡ ಚೊಲೋ ಐತಿ!"

ಈಗ ಮೊಮ್ಮಗಳು ಹಿಡಿದುಕೊಂಡು ನಿಲ್ಲುತ್ತಾಳೆ. ಅಂಗಡಿಯನ್ನು ಮಾರಿ ಮಸ್ಕಿಗೇ ಹೋಗಿಬಿಡೋಣ ಅನ್ನಿಸುತ್ತದೆ, ನನ್ನಾಕೆ ಬಿಡುವುದಿಲ್ಲ. ಮೊನ್ನೆ ನಾನು ಮಸ್ಕಿಗೆ ಹೋದಾಗ ಮೊಮ್ಮಗಳು ಅಂಬೆಗಾಲಿಡುತ್ತ ಅಂಗಳಕ್ಕೆ ಹೋದಳು. ಕಲ್ಲುಬಾನಿಯ ಅಂಚು ಹಿಡಿದು ಎದ್ದಳು. ಆ ಅತ್ತಿಯ ಬೊಡ್ಡೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ತಬ್ಬಿ ನಿಂತಳು. ಎಳೆಯ ಚಿಗುರು ಮುರಿದೀತೆಂದು ನಾನು ಓಡಿ ಹೋಗಿ ಬೆರಳು ಬಿಡಿಸತೊಡಗಿದೆ. ಚಿಗುರೊಂದನ್ನು ಯಾರಾದರೂ ಮುಟ್ಟಿದರೆ ಕಚ್ಚಲು ಬರುವ ಬೀಗರು ನನ್ನ ಕೈ ಹಿಡಿದರು.

"ಬಿಡಸಬ್ಯಾಡ್ರಿ ಬೀಗರ."

"ಮುರೀತೈತಲ್ರಿ!"

"ಮುರದ್ರ ಮುರೀಲಿ." ಬಗ್ಗಿ ಕೂಸಿನ ಬೆನ್ನಿಗೆ ಕೈ ಆನಿಸಿದರು. "ಅವತ್ತು ನಿಮ್ಮ ಹಂದರದಾಗ ಇವರವ್ವನೂ ಇದನ್ನ ಹಿಂಗ ಅವಚಿಕೊಂಡು ಅಳಾಕತ್ತಿದ್ಲು. ಹೆಣ್ಣಮಕ್ಕಳು ಕೈ ಬಿಡಿಸಿ ಕರಕೊಂಡು ಹೋದ್ರು. ನೋಡಾಕ ಆಗಲಿಲ್ರಿ. ಅದಕ್ಕ ಕಂಬಾನೂ ಕಿತಗೊಂಡು ಬಂದೆ."