ಸೀಟಿ ಹೊಡೆಯದ ಕುಕ್ಕರ್

ಯಾವುದನ್ನೂ ಎರಡು ಸಲ ಅಳೆಯದೆ ನಾನು ನಂಬುವುದಿಲ್ಲ. ಇದೊಂದು ಸದ್ಗುಣವೆಂದು ನಾನು ತಿಳಿದಿದ್ದೇನೆ, ಮನೆಯವರು ಬೇರೆ ಹೆಸರು ಇಟ್ಟಿದ್ದಾರೆ. ಹೆಣ್ಣು ನೋಡಲು ಬೆಳಗಾವಿಗೂ ಎರಡು ಸಲ ಹೋಗಿದ್ದೆ, ಒಮ್ಮೆ ಬೆಳಗಿನ ಬೆಳಕಿನಲ್ಲಿ, ಒಮ್ಮೆ ಸಂಜೆಯ ಬೆಳಕಿನಲ್ಲಿ. "ಎರಡೂ ಸಲ ನಾ ಒಬ್ಬಾಕಿನ ಇದ್ನಿ, ಬದಲಾಗಿದ್ದು ಅವಲಕ್ಕಿ ಬದ್ಲಿ ಉಪ್ಪಿಟ್ಟು ಅಷ್ಟ" ಎಂದು ನನ್ನ ಹೆಂಡತಿ ಇಂದಿಗೂ ಬಂದವರೆದುರು ಹೇಳಿ ನಗುತ್ತಾಳೆ. ಆದರೆ ಈ ಅಭ್ಯಾಸ ನನಗೆ ಅನ್ನ ಹಾಕಿದೆ. ಚಿಂಚವಡದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಇದ್ದೆ. ಅಲ್ಲಿ ತಯಾರಾಗುವ ಭಾಗಕ್ಕೆ ಜಾಬ್ ಎನ್ನುತ್ತಿದ್ದೆವು. ಜಾಬ್ ಯಂತ್ರದಲ್ಲಿ ಕೂತಿರುವಾಗಲೇ ಒಮ್ಮೆ ಅಳೆಯಬೇಕು, ಕೆಳಗಿಳಿಸಿ ಮೇಜಿನ ಮೇಲಿಟ್ಟು ಇನ್ನೊಮ್ಮೆ ಅಳೆಯಬೇಕು. ಎರಡು ಅಳತೆ ಒಂದೇ ಬಂದರೆ ಹಸಿರು ಗುರುತು, ಬೇರೆ ಬಂದರೆ ಕೆಂಪು. ಮ್ಯಾನೇಜರ್ ಬಂದು ನಿಂತರೂ ಕೆಂಪು ಕೆಂಪೇ.

ನಿವೃತ್ತನಾದ ಮೇಲೆ ಕೆಂಪು ಗುರುತು ಹಾಕಲು ಏನೂ ಸಿಗದೆ ನಾನು ಹಾಲಿನವನ ಅಳತೆ, ಸೊಸೈಟಿಯ ಲಿಫ್ಟು, ಪೇಪರ್ ಬರುವ ಹೊತ್ತು ಎಂದು ಅಲೆಯುತ್ತಿದ್ದಾಗ ಸೊಸೆ ಸ್ಮಿತಾ ನನಗೊಂದು ಕೆಲಸ ಕೊಟ್ಟಳು. ಅವಳು ಮೈಸೂರಿನವಳು, ಮಗರಪಟ್ಟಾದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಹೊರನಾಡಿನ ನಮ್ಮ ಊರು ನಿಗಡಿಯ ಕನ್ನಡ ಮಂಡಳಿಯ ಮಕ್ಕಳಿಗಾಗಿ ಬಿಡುವಿನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಭಾಷೆಯನ್ನೇ ಕಟ್ಟಿದ್ದಳು, ಎಲ್ಲವೂ ಕನ್ನಡ ಶಬ್ದಗಳಲ್ಲಿ. ನಾವು ಬರೆದ ಸಾಲುಗಳನ್ನು ಒಂದೊಂದಾಗಿ ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ದುಭಾಷಿಯೂ ಅವಳದೇ ತಯಾರಿ. ಅದಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರಂತೆ. ಭಾನುವಾರ ಬೆಳಿಗ್ಗೆ ಪಾಲಕರೆದುರು ಅದರ ಪ್ರದರ್ಶನ. ಅವರು ಮೆಚ್ಚಿದರೆ ವರ್ಷವಿಡೀ ಶನಿವಾರದ ತರಗತಿಗೆ ಮಂಡಳಿಯ ಸಭಾಗೃಹ ಸಿಗುತ್ತದೆ, ಇಲ್ಲದಿದ್ದರೆ ಅದು ಭಜನೆಯವರ ಪಾಲು. ಭಜನೆಯವರು ಆಗಲೇ ತಬಲಾ ತಂದಿಟ್ಟಿದ್ದರು.

"ಮಾವ, ನೀವು ಸುಮ್ನೆ ಟೆಸ್ಟ್ ಮಾಡಿ ಕೊಡಿ. ಮಕ್ಕಳು ಏನೇನ್ ಬರೀಬಹುದೋ ಎಲ್ಲಾ ಬರೆದು ನೋಡಿ" ಎಂದಳು ಸ್ಮಿತಾ. ಸುಮ್ಮನೆ ಮಾಡುವುದು ನನಗೆ ಗೊತ್ತಿಲ್ಲ. ರೂಲು ಹಾಕಿದ ನೋಟ್‌ಬುಕ್ ತಂದೆ, ಕೆಂಪು ಹಸಿರು ಪೆನ್ನು ತಂದೆ, ಬೆಳಿಗ್ಗೆ ಐದೂವರೆಯಿಂದ ಏಳು ತಪಾಸಣೆಯ ಹೊತ್ತು ಎಂದು ಗೋಡೆಗೆ ಚೀಟಿ ಅಂಟಿಸಿದೆ. ಮೊದಲ ವಾರದಲ್ಲೇ ಹನ್ನೊಂದು ತಪ್ಪು ಹಿಡಿದು ಒಪ್ಪಿಸಿದೆ. ಅವುಗಳಲ್ಲಿ ಹತ್ತು ನನ್ನ ಬೆರಳಿನವು, ಹನ್ನೊಂದನೆಯದು ಕನ್ನಡಕದ್ದು ಎಂದು ಆಮೇಲೆ ತಿಳಿಯಿತು. ಸ್ಮಿತಾ ಹನ್ನೊಂದನ್ನೂ ಒಂದೊಂದಾಗಿ ತಿದ್ದಿ ತೋರಿಸಿ, ನೋಟ್‌ಬುಕ್ ಮಡಚಿ ಕೊಟ್ಟಳು. ಅವಳ ಆ ಸಹನೆಯೇ ನನಗೆ ನಾಟಿತು.

ಗುರುವಾರ ಬೆಳಿಗ್ಗೆ ನಾನು ಆ ಭಾಷೆಯಲ್ಲಿ ನಮ್ಮ ಮನೆಯನ್ನೇ ಕಟ್ಟುತ್ತಿದ್ದೆ. ಅದರಲ್ಲಿ ಒಂದು ವಸ್ತುವನ್ನು ಮಾಡಿ, ಮಸಾಲೆ ಡಬ್ಬಿಯ ಬಟ್ಟಲುಗಳಂತೆ ಅದರೊಳಗೆ ಬೇರೆ ವಸ್ತುಗಳನ್ನು ಇಡಬಹುದು. ಸ್ಮಿತಾ ಮಕ್ಕಳಿಗೆ ಬರೆದ ಮೊದಲ ಪಾಠದಂತೆ ಮನೆಯೊಳಗೆ ಬಾಗಿಲು ಇಟ್ಟಿದ್ದೆ. ನಡುವೆ ಚುಕ್ಕೆ ಇಟ್ಟು 'ಮನೆ.ಬಾಗಿಲು.ತೆರೆ' ಎಂದು ಬರೆದರೆ 'ತೆರೆಯಿತು' ಎಂದು ಪರದೆಯ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಹೆಂಡತಿ ಸ್ನಾನಕ್ಕೆ ಹೊರಟವಳು, "ರೀ, ಮೂರು ಸೀಟಿ ಆದ್ವಂದ್ರ ಗ್ಯಾಸ್ ಬಂದ್ ಮಾಡ್ರಿ" ಎಂದಳು. ಹೂಂ ಎಂದೆ. ಅವಳ ಮಾತಿನಿಂದ ನನಗೆ ಹೊಳೆದದ್ದು ಗ್ಯಾಸಲ್ಲ, ಕುಕ್ಕರ್. ತಕ್ಷಣ ಮನೆಯೊಳಗೆ ಒಂದು ಕುಕ್ಕರ್ ಇಟ್ಟು, ಅದಕ್ಕೆ ಸೀಟಿ ಹೊಡೆಯುವುದನ್ನು ಕಲಿಸಿ, 'ಮನೆ.ಕುಕ್ಕರ್.ಸೀಟಿ' ಎಂದು ಬರೆದೆ. ಪರದೆಯ ಮೇಲೆ ಬಂತು: 'ಮನೆಗೆ ಸೀಟಿ ಗೊತ್ತಿಲ್ಲ.'

ಬೆರಳು ನೋಡಿಕೊಂಡೆ, ಕನ್ನಡಕ ಒರೆಸಿಕೊಂಡೆ. ಆಮೇಲೆ ಕಾರ್ಖಾನೆಯ ನಿಯಮ ನೆನಪಾಯಿತು. ಯಂತ್ರದಲ್ಲಿ ಅಳೆದದ್ದಾಯಿತು, ಇನ್ನು ಮೇಜಿನ ಮೇಲೆ. ಕುಕ್ಕರನ್ನು ಮನೆಯೊಳಗಿಂದ ತೆಗೆದು 'ಕೈ' ಎಂಬ ಹೆಸರಿನಲ್ಲಿ ಇಟ್ಟು, 'ಕೈ.ಸೀಟಿ' ಎಂದೆ. ಕುಸ್ ಎಂದು ಸೀಟಿ ಬಂತು! ಅದೇ ಕುಕ್ಕರ್, ಹೊರಗೆ ಸೀಟಿ ಹೊಡೆಯುತ್ತದೆ, ಮನೆಯೊಳಗಿದ್ದರೆ ಇಲ್ಲ. ಎರಡು ಅಳತೆ ಬೇರೆ. ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ಒಳಗೆ ನಿಜವಾದ ಕುಕ್ಕರ್ ಏಳನೆಯ ಸೀಟಿ ಹೊಡೆದು ಬೇಳೆ ಹೊತ್ತಿದ ವಾಸನೆ ಬರುವವರೆಗೆ ನಾನು ಕುರ್ಚಿ ಬಿಟ್ಟು ಅಲುಗಲಿಲ್ಲ. ಹೆಂಡತಿ ಒದ್ದೆ ಕೂದಲಲ್ಲೇ ಓಡಿಬಂದು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

"ಮಾವ, ಟೈಪಿಂಗ್ ಮಿಸ್ಟೇಕ್ ಇರ್ಬೇಕು" ಎಂದಳು ಸ್ಮಿತಾ, ಟಿಫಿನ್ ಡಬ್ಬಿ ಕಟ್ಟಿಕೊಳ್ಳುತ್ತಾ. "ಬಾಗಿಲಿನ ಪಾಠ ಎಲ್ಲಾ ಸರಿಯಾಗೇ ಬರ್ತಿದ್ಯಲ್ಲ?"

"ನಾ ಕೇಳಿದ್ದು ಕುಕ್ಕರಿಗೆ ನೋಡವಾ. ಮನಿ ಯಾಕ ಉತ್ತರ ಕೊಡ್ತದ?"

ಅವಳು ನಕ್ಕಳು. "ಬಸ್ ಬಂತು, ಸಂಜೆ ನೋಡೋಣ" ಎಂದು ಹೊರಟಳು. ಹನ್ನೊಂದು ಸುಳ್ಳು ದೂರು ಕೊಟ್ಟವನ ಹನ್ನೆರಡನೆಯ ದೂರಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಸಿಗಬೇಕೆಂದು ಕೇಳುವುದೂ ತಪ್ಪು. ಆದರೆ ಭಾನುವಾರ ಯಾವುದಾದರೂ ಮಗು ಮನೆಯೊಳಗೆ ಕುಕ್ಕರ್ ಇಟ್ಟರೆ? ಅಷ್ಟು ಜನರೆದುರು ಸೊಸೆ ತಲೆ ತಗ್ಗಿಸಬೇಕೆ? ದಿನವಿಡೀ ಯೋಚಿಸಿದೆ. ಬಾಗಿಲು ಸರಿಯಾಗಿ ತೆರೆಯುತ್ತದೆ, ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ವ್ಯತ್ಯಾಸವೇನು? ನಾಲ್ಕು ಗಂಟೆಯ ಚಹಾ ಕುಡಿಯುವಾಗ ಹೊಳೆಯಿತು. ಪಾಠದಲ್ಲಿ ಬಾಗಿಲಿಗೂ ತೆರೆಯುವುದು ಗೊತ್ತು, ಮನೆಗೂ ಗೊತ್ತು, ಇಬ್ಬರೂ ಹೇಳುವುದು 'ತೆರೆಯಿತು' ಎಂದೇ. ಹಾಗಾದರೆ ಇಷ್ಟು ದಿನ ತೆರೆದವರು ಯಾರು?

ಸಂಜೆ ಸ್ಮಿತಾ ಚಪ್ಪಲಿ ಬಿಡುವ ಮೊದಲೇ ಕರೆದು ಕೂರಿಸಿದೆ. ಮನೆ ತೆರೆದರೆ 'ನಾನು ಮನೆ' ಎನ್ನಬೇಕು, ಬಾಗಿಲು ತೆರೆದರೆ 'ನಾನು ಬಾಗಿಲು' ಎನ್ನಬೇಕು, ಹಾಗೆ ಮಾತು ಬದಲಿಸಿ ಇಟ್ಟಿದ್ದೆ. ಅವಳೆದುರೇ 'ಮನೆ.ಬಾಗಿಲು.ತೆರೆ' ಎಂದು ಬರೆದು ಗುಂಡಿ ಒತ್ತಿದೆ.

'ನಾನು ಮನೆ' ಎಂದಿತು ಪರದೆ.

ಸ್ಮಿತಾ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡು ತಾನೇ ಇನ್ನೊಮ್ಮೆ ಗುಂಡಿ ಒತ್ತಿದಳು. ಆಮೇಲೆ, "ಅಯ್ಯೋ ಮಾವ! ಇದು ಮೊದಲ್ನೇ ಚುಕ್ಕೆ ಹತ್ರಾನೇ ನಿಂತ್ಬಿಡ್ತಿದೆ, ಬಾಗಿಲವರೆಗೆ ಹೋಗ್ತಾನೇ ಇಲ್ಲ. ಎಲ್ಲಾ ಪಾಠಾನೂ ಬೈ ಲಕ್ ಪಾಸಾಗಿದೆ!" ಎಂದಳು. ಬಾಡಿಗೆದಾರನ ಹೆಸರಿಗೆ ಬಂದ ಪತ್ರವನ್ನು ಮನೆ ಮಾಲೀಕನೇ ಒಡೆದು ಉತ್ತರ ಬರೆಯುತ್ತಿದ್ದ ಹಾಗೆ. ಇಬ್ಬರ ಉತ್ತರವೂ ಒಂದೇ ಆಗಿದ್ದಾಗ ಯಾರಿಗೂ ಗೊತ್ತಾಗಲಿಲ್ಲ. ಊಟದ ಹೊತ್ತಿಗೆ ರಿಪೇರಿ ಮುಗಿಯಿತು. ಯಂತ್ರದಲ್ಲೂ ಕುಸ್, ಮೇಜಿನ ಮೇಲೂ ಕುಸ್. ನೋಟ್‌ಬುಕ್ಕಿನಲ್ಲಿ ಹಸಿರು ಗುರುತು ಎಷ್ಟು ದೊಡ್ಡದಾಗಿ ಹಾಕಿದೆನೆಂದರೆ ಅದು ಮುಂದಿನ ಪುಟದಲ್ಲೂ ಮೂಡಿತು.

ಭಾನುವಾರ ಸಭಾಗೃಹ ತುಂಬಿತ್ತು. ಬಾಗಿಲು ತೆರೆಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಮಂಡಳಿಯ ಕಾರ್ಯದರ್ಶಿ ದೇಸಾಯರು ಎದ್ದು, "ಇದೆಲ್ಲಾ ನೀವು ಮೊದಲ ಮಾಡಿಟ್ಟಿದ್ದು. ಮನ್ಯಾಗ ಒಂದ ನಾಯಿ ಇಟ್ಟು ಬೊಗಳಸ್ರಿ ನೋಡೂಣು" ಎಂದರು. ಭಜನೆಯವರು ಮುಂದಕ್ಕೆ ಬಾಗಿದರು. ಒಬ್ಬ ಹುಡುಗಿ ಬಂದು ಮನೆಯೊಳಗೆ ನಾಯಿ ಇಟ್ಟು 'ಮನೆ.ನಾಯಿ.ಬೊಗಳು' ಎಂದು ಬರೆದಳು. ನಾಯಿ ಬೊಗಳಿತು. ಮನೆ ಬೊಗಳಲಿಲ್ಲ! ಸಭಾಗೃಹ ನಮ್ಮದಾಯಿತು. ತಬಲಾ ಹೊರಗೆ ಹೋಯಿತು. ಸ್ಮಿತಾ ಮೈಕಿನಲ್ಲಿ, "ಇದನ್ನ ಕಾಪಾಡಿದ್ದು ನಮ್ಮ ಮಾವ. ಇನ್ಮೇಲೆ ಪ್ರತಿ ಸಲ ಮೊದಲು ಓಡೋ ಪರೀಕ್ಷೆ ಹೆಸರು 'ಮಾವನ ಕುಕ್ಕರ್'" ಎಂದಳು. ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಕೊಟ್ಟ ಗೋಡೆ ಗಡಿಯಾರ ಇದರ ಮುಂದೆ ಏನೂ ಅಲ್ಲ.

ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಈ ವಿಜಯವನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸುತ್ತಿದ್ದೆ. ಒಳಗಿನಿಂದ ಹೆಂಡತಿ, "ರೀ, ಗ್ಯಾಸ್ ಬಂದ್ ಮಾಡ್ರಿ, ನನ್ನ ಕೈ ಹಿಟ್ಟಾಗ್ಯದ" ಎಂದಳು. ಹೂಂ ಎಂದೆ. ಒಂದು ನಿಮಿಷದ ನಂತರ ಸ್ಮಿತಾ ಬಾಗಿಲಲ್ಲಿ ಬಂದು, "ಮಾವ, ಗ್ಯಾಸ್ ಆಫ್ ಮಾಡ್ಬೇಕಂತೆ" ಎಂದಳು. ನಾನು ತಟ್ಟನೆ ಎದ್ದೆ. ಅಡುಗೆಮನೆಯಲ್ಲಿ ಹೆಂಡತಿ ಹಿಟ್ಟಿನ ಕೈ ಸೊಂಟಕ್ಕಿಟ್ಟು ನಿಂತಿದ್ದಳು.

"ನೋಡವಾ ಸ್ಮಿತಾ, ಎರಡು ಸಲ ಅಳದ್ನಿ. ನಾ ಹೇಳಿದ್ರ ಹೂಂ ಅಂತದ, ನೀ ಹೇಳಿದ್ರ ಏಳ್ತದ. ನಲವತ್ತು ವರ್ಷದಿಂದ ಹಿಂಗ ಅದ. ಇದನ್ನೂ ಊಟದ ಹೊತ್ತಿನೊಳಗ ರಿಪೇರಿ ಮಾಡಿಬಿಡು."

ನಾನು ಗ್ಯಾಸ್ ಆರಿಸಿ, ಹಿಂದಿರುಗಿ ನೋಟ್‌ಬುಕ್ ತೆರೆದೆ. ನಿಯಮ ನಿಯಮವೇ. ಹೊಸ ಪುಟದಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ ಕೆಂಪು ಗುರುತು ಹಾಕಿದೆ.